ರುವೋಶಿಗೆ ಗೊತ್ತಿತ್ತು, ಹೇ ಸೂಗೆ ಗೊತ್ತಿರಲಿಲ್ಲ

ನಾನು ಮೊದಲು ನೋಡಿದ್ದು ಕೊರಿಯಾದ ಧಾರಾವಾಹಿ, 2016ರ 'ಮೂನ್ ಲವರ್ಸ್: ಸ್ಕಾರ್ಲೆಟ್ ಹಾರ್ಟ್ ರ್ಯೋ'. 20 ಕಂತು. ಮುಗಿದ ರಾತ್ರಿ ಅತ್ತು ಅತ್ತು ಕಣ್ಣು ಊದಿತ್ತು. ಇದರ ಮೂಲ ಚೀನಾದ್ದು ಅಂತ ಗೊತ್ತಾಗಿ ಮಾರನೇ ದಿನವೇ 2011ರ 'ಬು ಬು ಜಿಂಗ್ ಶಿನ್' ಹಿಡಿದು ಕೂತೆ. ಅದು 35 ಕಂತು. ಅದು ಮುಗಿದ ಮೇಲೆ ಕೊರಿಯಾದ್ದನ್ನು ಇನ್ನೊಂದು ಸಲ ನೋಡಿದೆ. ಎರಡರ ಕೊನೆಯನ್ನೂ ಇಲ್ಲಿ ಹೇಳುತ್ತೇನೆ. ನೋಡದವರು ನೋಡಿಕೊಂಡು ಬಂದು ಓದಿ.

ಕಥೆಯ ಬೇರು ಒಂದೇ. ಈ ಕಾಲದ ಹುಡುಗಿ ಸಾವಿನ ಅಂಚಿಗೆ ಹೋಗಿ, ನೂರಾರು ವರ್ಷ ಹಿಂದಿನ ಒಬ್ಬ ಹುಡುಗಿಯ ಮೈಯಲ್ಲಿ ಕಣ್ಣು ಬಿಡುತ್ತಾಳೆ. ಸುತ್ತಲೂ ರಾಜಕುಮಾರರು. ಮೊದಲು ಎಂಟನೆಯವನ ಕಡೆ ವಾಲಿದ ಮನಸ್ಸು ಕೊನೆಗೆ ನಾಲ್ಕನೆಯವನ ಹತ್ತಿರ ನಿಲ್ಲುತ್ತದೆ. ಮುಂದೆ ಪಟ್ಟಕ್ಕೆ ಬರುವವನು ಅವನೇ. ಚೀನಾದಲ್ಲಿ ಚಿಂಗ್ ವಂಶದ ಯೋಂಗ್‌ಝೆಂಗ್, ಕೊರಿಯಾದಲ್ಲಿ ಗೊರ್ಯೋ ವಂಶದ ಗ್ವಾಂಗ್‌ಜೊಂಗ್. ಇಬ್ಬರೂ ನಿಜವಾಗಿ ಆಳಿದವರು.

ಆದರೆ ಚೀನಾದ ಕಥೆಯ ನಾಯಕಿ ರುವೋಶಿಗೆ ಚರಿತ್ರೆ ಗೊತ್ತು. ಕಾಂಗ್‌ಶಿ ಚಕ್ರವರ್ತಿಯ ಮಕ್ಕಳಲ್ಲಿ ಯಾರು ಗೆಲ್ಲುತ್ತಾರೆ, ಸೋತವರ ಗತಿ ಏನಾಗುತ್ತದೆ, ಎಲ್ಲ ಗೊತ್ತು. ಅವಳು ಆ ಚಕ್ರವರ್ತಿಗೇ ಟೀ ಕೊಡುವ ಕೆಲಸದಲ್ಲಿದ್ದಾಳೆ. ಬಟ್ಟಲು ಇಡುವಾಗ ಕೈ ನಡುಗಬಾರದು, ಕಣ್ಣು ಎತ್ತಬಾರದು, ಬಾಯಿ ಬಿಡಲೇಬಾರದು. ಆ ಪಾತ್ರ ಮಾಡಿರುವ ಲಿಯು ಶಿಶಿ ಈ ಹೆದರಿಕೆಯನ್ನು ಬರೀ ರೆಪ್ಪೆ ಇಳಿಸುವುದರಲ್ಲೇ ತೋರಿಸುತ್ತಾಳೆ. ಹೀಗಿದ್ದೂ ಒಮ್ಮೆ ಬಾಯಿ ಬಿಡುತ್ತಾಳೆ. ಎಂಟನೆಯವನು ಉಳಿಯಲಿ ಅನ್ನುವ ಆಸೆಗೆ, ನಾಲ್ಕನೆಯವನ ಬಗ್ಗೆ ಹುಷಾರಾಗಿರು ಅಂದುಬಿಡುತ್ತಾಳೆ. ಆ ಒಂದು ಮಾತಿನಿಂದಲೇ ಎಂಟನೆಯವನು ಸಂಚು ಹೂಡುತ್ತಾನೆ, ಏಟು ಬೀಳುವುದು ಅವಳ ಜೀವದ ಗೆಳೆಯ ಹದಿಮೂರನೆಯವನಿಗೆ, ಹತ್ತು ವರ್ಷ ಸೆರೆ. ಎಷ್ಟೋ ವರ್ಷದ ಮೇಲೆ ಇದು ಅವಳಿಗೆ ತಿಳಿಯುವಾಗ ನನಗೆ ಊಟ ಸೇರಲಿಲ್ಲ, ನಿಜವಾಗಿ.

ಕೊರಿಯಾದ ನಾಯಕಿ ಹೇ ಸೂಗೆ ಈ ಭಾರ ಇಲ್ಲ. ಗ್ವಾಂಗ್‌ಜೊಂಗ್ ಅಂದರೆ ಅಣ್ಣತಮ್ಮಂದಿರ ರಕ್ತ ಹರಿಸಿದ ರಾಜ ಅನ್ನುವಷ್ಟೇ ಗೊತ್ತು. ಎದುರಿಗಿರುವವನೇ ಅವನು ಅಂತ ತಿಳಿಯುವುದು ತಡವಾಗಿ. ಹಾಗಾಗಿ ಹೇ ಸೂ ಆಗಿರುವ ಐಯು ಶುರುವಿನಲ್ಲಿ ಸುಮ್ನೆ ಓಡಾಡಿಕೊಂಡಿರುವ ಹುಡುಗಿ ಅನ್ನಿಸುತ್ತಾಳೆ, ಆ ಕಂತುಗಳು ನನಗೆ ಸ್ವಲ್ಪ ಸಪ್ಪೆ.

ಆದರೆ ಅವಳ ಕೈಯಲ್ಲಿ ಬೇರೆ ವಿದ್ಯೆ ಇದೆ: ಮೇಕಪ್. ಕೊರಿಯಾದ ನಾಲ್ಕನೆಯವನಾದ ವಾಂಗ್ ಸೋನ ಮುಖದ ಮೇಲೆ ತಾಯಿಯಿಂದಲೇ ಆದ ಗಾಯದ ಗುರುತು ಇದೆ, ಅದಕ್ಕೆ ಯಾವಾಗಲೂ ಮುಖವಾಡ. ಮಳೆಗಾಗಿ ಪೂಜೆ ಮಾಡಲು ಅವನು ಜನರ ಮುಂದೆ ನಿಲ್ಲಬೇಕು. ಅವಳು ಮುಖವಾಡ ತೆಗೆಸಿ, ಆ ಗಾಯದ ಮೇಲೆ ಬಣ್ಣ ಹಚ್ಚಿ, ಅದನ್ನು ಚರ್ಮದ ಜೊತೆ ಸೇರಿಸುತ್ತಾ ಹೋಗುತ್ತಾಳೆ. ಅಷ್ಟು ಹತ್ತಿರದಿಂದ ಯಾರೂ ಆ ಮುಖ ಮುಟ್ಟಿರಲಿಲ್ಲ. ವಾಂಗ್ ಸೋ ಆಗಿರುವ ಲೀ ಜುನ್-ಗಿಯ ಕಣ್ಣು ಅಲ್ಲಿ ಮಗುವಿನದಾಗಿಬಿಡುತ್ತದೆ. ಆಮೇಲೆ ಮಳೆ ಬರುತ್ತದೆ. ಚೀನಾದ ನಾಲ್ಕನೆಯವನಿಗೆ ಗಾಯವೂ ಇಲ್ಲ, ಮುಖವಾಡವೂ ಇಲ್ಲ. ಇದು ಕೊರಿಯಾದವರು ತಾವೇ ಸೇರಿಸಿದ್ದು, ಮೂಲಕ್ಕಿಂತ ಗೆದ್ದಿರುವುದೂ ಇಲ್ಲೇ.

ನಾಯಕಿ ಮಳೆಯಲ್ಲಿ ಮಂಡಿಯೂರುವ ದೃಶ್ಯ ಎರಡರಲ್ಲೂ ಇದೆ. ಕೊರಿಯಾದಲ್ಲಿ ಎಂಟನೆಯವನು ಬಂದು ನೋಡಿ ಹಿಂದಿರುಗುತ್ತಾನೆ, ವಾಂಗ್ ಸೋ ಬಂದು ತನ್ನ ಮೇಲಂಗಿಯನ್ನು ಅವಳ ತಲೆಯ ಮೇಲೆ ಹಿಡಿಯುತ್ತಾನೆ. ನೋಡಲು ಎಷ್ಟು ಚೆಂದ! ಚೀನಾದಲ್ಲಿ ನಾಲ್ಕನೆಯವನಾಗಿರುವ ನಿಕಿ ವು ಕೈಯಲ್ಲಿದ್ದ ಛತ್ರಿಯನ್ನೇ ಎಸೆದು ಅವಳ ಪಕ್ಕದಲ್ಲಿ ನೆನೆಯುತ್ತಾ ನಿಲ್ಲುತ್ತಾನೆ. ತಂದೆಯ ಅಪ್ಪಣೆ ಮೀರುವಂತಿಲ್ಲ, ಅವಳನ್ನು ಬಿಟ್ಟು ಹೋಗುವಂತೆಯೂ ಇಲ್ಲ, ಜೊತೆಗೆ ನೆನೆಯುವುದೊಂದೇ ಅವನ ಕೈಯಲ್ಲಿರುವುದು. ನನಗೆ ಎರಡನೆಯದೇ ಜಾಸ್ತಿ ತಟ್ಟಿತು. (ನಿಕಿ ವು, ಲಿಯು ಶಿಶಿ ಇಬ್ಬರೂ ಆಮೇಲೆ ನಿಜವಾಗಿಯೂ ಮದುವೆಯಾದರು. ಕೇಳಿದಾಗ ಮನೆಯವರ ಮದುವೆ ಅನ್ನುವಷ್ಟು ಖುಷಿ ನನಗೆ.)

ಕೊರಿಯಾದ್ದರ ದೊಡ್ಡ ತಪ್ಪು ಆತುರ. ನಿಜವಾದ ಗ್ವಾಂಗ್‌ಜೊಂಗ್ 949ರಿಂದ 975ರವರೆಗೆ ಆಳಿದವನು. ಅನ್ಯಾಯವಾಗಿ ಗುಲಾಮರಾದವರನ್ನು ಬಿಡಿಸಲು 956ರಲ್ಲಿ ಕಾಯ್ದೆ ತಂದ, 958ರಲ್ಲಿ ಅಧಿಕಾರಿಗಳ ಆಯ್ಕೆಗೆ ಪರೀಕ್ಷೆ ಶುರು ಮಾಡಿದ. ಅಂಥವನು ರಾಜನಾದ ಮೇಲಿನ ಕಥೆಯೆಲ್ಲ ಕೊನೆಯ ಕೆಲವೇ ಕಂತುಗಳಲ್ಲಿ ಓಡಿಬಿಡುತ್ತದೆ. ಚೀನಾದ್ದು ನಿಧಾನ, ಆ ಅರ್ಧ ಬೋಳಿಸಿದ ತಲೆಗಳಿಗೆ ಹೊಂದಿಕೊಳ್ಳಲು ನನಗೆ ಮೂರು ಕಂತು ಬೇಕಾಯಿತು. ಆದರೆ ಪ್ರೀತಿ ಹೇಗೆ ಹುಳಿಯಾಗುತ್ತಾ ಹೋಯಿತು ಅನ್ನುವುದು ಅಲ್ಲಿ ಒಂದೊಂದೇ ಹೆಜ್ಜೆಯಾಗಿ ಕಾಣುತ್ತದೆ. ಒಂದನ್ನೇ ನೋಡುತ್ತೇನೆ ಅನ್ನುವವರಿಗೆ ನಾನು ಚೀನಾದ್ದನ್ನೇ ಹೇಳುತ್ತೇನೆ.

ಒಡೆಯದೇ ಉಳಿದ ಪತ್ರ ಎರಡರಲ್ಲೂ ಒಂದೇ. ಹದಿನಾಲ್ಕನೆಯವನು ಅವಳು ರಾಜನಿಗೆ ಬರೆದ ಪತ್ರವನ್ನು ಇನ್ನೊಂದು ಲಕೋಟೆಯಲ್ಲಿಟ್ಟು ಕಳಿಸುತ್ತಾನೆ, ರಾಜ ಇದು ತಮ್ಮನ ಕೊಂಕು ಅಂದುಕೊಂಡು ಬದಿಗಿಡುತ್ತಾನೆ, ಅವಳು ಕಾದು ಕಾದು ಸಾಯುತ್ತಾಳೆ. ಆಮೇಲೆ ಈ ಕಾಲದಲ್ಲಿ ಎಚ್ಚರವಾಗುತ್ತದೆ. ಕೊರಿಯಾದಲ್ಲಿ ಅವಳು ಹಳೇ ಚಿತ್ರದ ಮುಂದೆ ಒಬ್ಬಳೇ ನಿಂತು ಅಳುತ್ತಾಳೆ, ಅವನು ಬರುವುದೇ ಇಲ್ಲ. ಚೀನಾದಲ್ಲಿ ಬರುತ್ತಾನೆ. ಅದೇ ಮುಖ, ಈ ಕಾಲದ ಬಟ್ಟೆ. ಅವಳ ಕಣ್ಣೀರು ನೋಡುತ್ತಾನೆ, ಯಾರೋ ಏನೋ ಅನ್ನುವಂತೆ ಹೊರಟುಹೋಗುತ್ತಾನೆ.