ಲೇಸರ್ ಊರುಗೋಲು, ಟಿಕ್‌ಟಿಕ್ ಯಂತ್ರ, ಬಿಳಿ ಪಟ್ಟಿ: ಅಪ್ಪನ ಹೆಜ್ಜೆಗೆ ಒದಗಿದ್ದು ಯಾವುದು

60 ರೂಪಾಯಿಯ ಬಿಳಿ ಅಂಟುಪಟ್ಟಿ ನಮ್ಮ ಮನೆಯಲ್ಲಿ 6,800 ರೂಪಾಯಿಯ ಲೇಸರ್ ಊರುಗೋಲನ್ನು ಸೋಲಿಸಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹೋಲಿಕೆಯಲ್ಲಿ ನಾನು ತಟಸ್ಥನಲ್ಲ.

ಅಪ್ಪನಿಗೆ ಈಗ 76 ವರ್ಷ. ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ತಿಳಿದು 9 ವರ್ಷಗಳಾದವು. ಕೈನಡುಕಕ್ಕೆ ಅವರು ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳಲಾಗದ್ದು, ನಡೆಯುತ್ತಿರುವಾಗಲೇ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವ ತೊಂದರೆಗೆ. ಫಿಸಿಯೋಥೆರಪಿಸ್ಟ್ ಅದನ್ನು ‘ಫ್ರೀಜಿಂಗ್’ ಎನ್ನುತ್ತಾರೆ. ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ ನಡುಮನೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಮೂರು ಬಾಗಿಲುಗಳು ಸಿಗುತ್ತವೆ. ಮೂರರಲ್ಲಿಯೂ ಅವರು ನಿಲ್ಲುತ್ತಿದ್ದರು; ಬೆಳಗಿನ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿನಲ್ಲಂತೂ ಎರಡು ನಿಮಿಷ ಅಲ್ಲೇ ನಿಂತಿರುತ್ತಿದ್ದರು.

ಉಪಕರಣಗಳನ್ನು ಹೋಲಿಸುವ ಮೊದಲು ಮಿದುಳಿನೊಳಗೆ ನಡೆಯುವುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅದನ್ನು ತಿಳಿಯದೆಯೇ ನಾನು ದುಬಾರಿ ವಸ್ತುವನ್ನು ಕೊಂಡುಬಿಟ್ಟೆ. ಮಿದುಳಿನ ನರಕೋಶಗಳ ಗುಂಪುಗಳು ಒಟ್ಟಾಗಿ ಸೆಕೆಂಡಿಗೆ ಸುಮಾರು 13ರಿಂದ 30 ಬಾರಿ ಏರಿಳಿಯುವುದನ್ನು ಬೀಟಾ ಲಯ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಕೈಕಾಲು ಆಡಿಸುವ ಮುನ್ನ ಈ ಲಯ ತಗ್ಗುತ್ತದೆ, ಚಲನೆ ಮುಗಿದ ಮೇಲೆ ಮತ್ತೆ ಏಳುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಂತೆ, ಮಿದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನಲ್ಲಿ ಬೀಟಾ ಲಯ ಅತಿಯಾಗುತ್ತದೆ, ಮತ್ತು ಆ ಭಾಗವೂ ಚಲನೆಯನ್ನು ನಡೆಸುವ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಕೂಡ ಅದೇ ಲಯದಲ್ಲಿ ಬೆಸೆದುಕೊಳ್ಳುತ್ತವೆ. ಭಜನೆಯಲ್ಲಿ ಎಲ್ಲರೂ ಪಲ್ಲವಿಯನ್ನೇ ಹಿಡಿದುಕೊಂಡು ಚರಣಕ್ಕೆ ಹೋಗುವವರೇ ಇಲ್ಲದಂತಾದರೆ ಹೇಗೋ ಹಾಗೆ. ಸದ್ದಿಗೆ ಕೊರತೆಯಿಲ್ಲ, ಹಾಡು ಮಾತ್ರ ಮುಂದೆ ಸಾಗುವುದಿಲ್ಲ. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಈ ಬಿಗಿತವನ್ನು ತಗ್ಗಿಸುತ್ತದೆ, ಮಾತ್ರೆ ಇಳಿದಾಗ ಅದು ಮರಳುತ್ತದೆ.

ಹೊರಗಿನ ಸೂಚನೆ ನೆರವಿಗೆ ಬರುವುದು ಇಲ್ಲಿಯೇ. ತಾನಾಗಿ ಹುಟ್ಟುವ ಹೆಜ್ಜೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಸೇರಿದ ಬೇಸಲ್ ಗ್ಯಾಂಗ್ಲಿಯಾ ಎಂಬ ಆಳದ ಭಾಗಗಳ ಹಾದಿಯನ್ನು ಹೆಚ್ಚು ನೆಚ್ಚಿಕೊಂಡಿದ್ದರೆ, ಕಣ್ಣಿಗೆ ಕಂಡ ಗೆರೆಯನ್ನು ದಾಟಲೆಂದೋ ಕಿವಿಗೆ ಬಿದ್ದ ಪೆಟ್ಟಿಗೆ ಸರಿಯಾಗಿಯೋ ಇಡುವ ಹೆಜ್ಜೆ ಕಿರುಮೆದುಳು ಮತ್ತು ಚಲನೆಯನ್ನು ಯೋಜಿಸುವ ಪ್ರೀಮೋಟಾರ್ ಭಾಗಗಳ ಬಳಸುದಾರಿಯನ್ನು ಹೆಚ್ಚಾಗಿ ಹಿಡಿಯುತ್ತದೆ ಎಂಬುದು ಸಂಶೋಧಕರಲ್ಲಿ ಬಹುಕಾಲದಿಂದ ಇರುವ ವಿವರಣೆ. ನಾನು ಪ್ರಯತ್ನಿಸಿದ ಮೂರೂ ಈ ಬಳಸುದಾರಿಯನ್ನೇ ತೋರಿಸುವ ಸಾಧನಗಳು.

ಮೊದಲು ಕೊಂಡದ್ದು ಲೇಸರ್ ಊರುಗೋಲು. ಕೋಲಿನ ತುದಿ ನೆಲಕ್ಕೆ ಒತ್ತಿದೊಡನೆ ಪಾದದ ಮುಂದೆ ಅಡ್ಡಲಾಗಿ ಕೆಂಪು ಗೆರೆ ಮೂಡುತ್ತದೆ, ಅದನ್ನು ದಾಟುವಂತೆ ಹೆಜ್ಜೆ ಹಾಕಬೇಕು. ಅಂಗಡಿಯಲ್ಲಿ ಬಿಳಿ ಟೈಲ್ಸ್ ಮೇಲೆ ಗೆರೆ ಕತ್ತಿಯಂತೆ ಹೊಳೆಯಿತು, ಅಪ್ಪ ನಾಲ್ಕು ಹೆಜ್ಜೆ ಸರಾಗವಾಗಿ ನಡೆದರು, ನಾನು ಹಣ ಕೊಟ್ಟೆ. ಮನೆಗೆ ಬಂದು ನಡುಮನೆಯಲ್ಲಿ ಕೋಲು ಊರಿದರೆ ಗೆರೆಯೇ ಇಲ್ಲ. ನಮ್ಮದು ರೆಡ್ ಆಕ್ಸೈಡ್ ನೆಲ. ಅಜ್ಜನ ಕಾಲದಲ್ಲಿ ಹಾಕಿಸಿದ್ದು, ಅರವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಂತಾದದ್ದು. ಕೆಂಪಿನ ಮೇಲೆ ಕೆಂಪು ಬಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯದಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನೆಲದ ನುಣುಪು: ಓರೆಯಾಗಿ ಬಿದ್ದ ಬೆಳಕು ಅಲ್ಲಿ ಚದುರಿ ನಮ್ಮ ಕಣ್ಣಿಗೆ ಬರುವ ಬದಲು ಜಾರಿಕೊಂಡು ಮುಂದಕ್ಕೆ ಹೋಗಿಬಿಡುತ್ತದೆ. ಕಾಲ ಮುಂದೆ ಕಾಣಬೇಕಿದ್ದ ಗೆರೆ ಎದುರಿನ ಗಾಡ್ರೆಜ್ ಬೀರುವಿನ ಬಾಗಿಲ ಮೇಲೆ ಮೂಡಿದ್ದನ್ನು ನೋಡಿ, ಅದನ್ನು ಹೇಗಪ್ಪ ದಾಟಲಿ ಎಂದು ಅಪ್ಪ ಕೇಳಿದರು.

ಒಂದು ವಾರ ಈ ಗೆರೆಯ ಹಿಂದೆ ಬಿದ್ದೆ. ಕಿಟಕಿಗಳಿಗೆ ಪರದೆ ಎಳೆದು ಕತ್ತಲು ಮಾಡಿದೆ. ಗೆರೆ ಮಸುಕಾಗಿ ಕಂಡಿತು, ಆದರೆ ಮಬ್ಬು ಬೆಳಕಿನಲ್ಲಿ ಅಪ್ಪನ ನಡಿಗೆ ಮೊದಲಿಗಿಂತಲೂ ಕೆಟ್ಟಿತು. ನೆಲದ ಮೇಲೆ ಚಾಪೆ ಹಾಸಿದೆ. ಗೆರೆ ಚೆನ್ನಾಗಿ ಕಂಡಿತು, ಚಾಪೆಯ ಅಂಚು ಕಾಲಿಗೆ ತೊಡರಿತು. ಹಸಿರು ಲೇಸರ್ ನಮ್ಮ ಕಣ್ಣಿಗೆ ಕೆಂಪಿಗಿಂತ ಪ್ರಖರವಾಗಿ ಕಾಣುತ್ತದೆಂದು ಓದಿ ಬದಲಿಸಿಕೊಡುವಂತೆ ಕೇಳಲು ಹೋದಾಗ, ಬಳಸಿದ ಕೋಲನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಉತ್ತರ ಬಂದಿತು. ಹೊರಗೆ ಗಾಂಧಿ ಬಜಾರಿನ ಹಗಲು ಬಿಸಿಲಿನಲ್ಲಿ ಗೆರೆಯ ಮಾತೇ ಬೇಡ. ಗ್ರಾನೈಟ್ ಅಥವಾ ಬಿಳಿ ಟೈಲ್ಸ್ ಇರುವ ಫ್ಲ್ಯಾಟ್‌ನವರಿಗೆ ಇದು ಒಗ್ಗಬಹುದು, ಆದರೆ ಹೊಳಪು ಕೊಟ್ಟ ಗ್ರಾನೈಟ್ ಆದರೆ ಮೊದಲು ಮನೆಯ ನೆಲದ ಮೇಲೆಯೇ ಪರೀಕ್ಷಿಸಿ ಹಣ ಕೊಡಿ.

ಎರಡನೆಯದು ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಮೆಟ್ರೊನೋಮ್, ಅಂದರೆ ಒಂದೇ ಅಂತರದಲ್ಲಿ ಟಿಕ್‌ಟಿಕ್ ಎನ್ನುವ ಯಂತ್ರ, ಎಸ್.ಪಿ. ರಸ್ತೆಯಲ್ಲಿ 750 ರೂಪಾಯಿಗೆ ಸಿಕ್ಕಿತು. ಸಮನಾದ ಪೆಟ್ಟುಗಳನ್ನು ಕೇಳುವಾಗ ಮಿದುಳಿನ ಶ್ರವಣ ಭಾಗದ ಬೀಟಾ ಲಯವು ಪ್ರತಿ ಪೆಟ್ಟಿನ ನಂತರ ಇಳಿದು, ಮುಂದಿನ ಪೆಟ್ಟು ಬೀಳುವ ಹೊತ್ತಿಗೆ ಮತ್ತೆ ಏರುತ್ತದೆ. ಅಂದರೆ ಮಿದುಳು ಮುಂದಿನ ಪೆಟ್ಟನ್ನು ಕಾಯುತ್ತದೆ, ಕಾಲಿಗೆ ಅದು ಮುನ್ಸೂಚನೆಯಾಗುತ್ತದೆ. ಅಪ್ಪನ ನಡಿಗೆಯನ್ನು ಎಣಿಸಿ ಫಿಸಿಯೋಥೆರಪಿಸ್ಟ್ ನಿಮಿಷಕ್ಕೆ 90 ಪೆಟ್ಟಿಗೆ ಹೊಂದಿಸಿಕೊಟ್ಟರು. ಕೃಷ್ಣರಾವ್ ಪಾರ್ಕಿನ ನೇರ ದಾರಿಯಲ್ಲಿ ಇದರ ಕೆಲಸ ನಿಜಕ್ಕೂ ಸೊಗಸು. ಮನೆಯೊಳಗೆ ತೊಡಕು ಬಂದದ್ದು ಅಪ್ಪನ ಹಳೆಯ ಹವ್ಯಾಸದಿಂದ: ಇಪ್ಪತ್ತು ವರ್ಷ ಮೃದಂಗ ನುಡಿಸಿದವರು, ಟಿಕ್‌ಟಿಕ್ ಕೇಳಿದೊಡನೆ ಮನಸ್ಸಿನಲ್ಲಿ ಆದಿತಾಳ ಹಾಕತೊಡಗಿ, ಎಂಟು ಪೆಟ್ಟು ಮುಗಿದು ಸಮ ಬಂದಾಗ ಬಾಗಿಲಲ್ಲಿ ಗಂಭೀರವಾಗಿ ನಿಲ್ಲುತ್ತಿದ್ದರು. ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದರೆ ಈ ಕಾಯಿಲೆಯಲ್ಲಿ ನಡಿಗೆ ಕೆಡುತ್ತದೆ, ಅವರಿಗೆ ತಾಳ ಎರಡನೆಯ ಕೆಲಸವಾಯಿತು. ಅಮ್ಮನಿಗೆ ಆ ಸದ್ದು ಮೂರೇ ದಿನಕ್ಕೆ ತಲೆನೋವಾಯಿತು ಎಂಬುದನ್ನೂ ಸೇರಿಸಬೇಕು.

ಬಿಳಿ ಪಟ್ಟಿಯ ಯೋಚನೆ ಬಂದದ್ದು ಅಮ್ಮನ ರಂಗೋಲಿಯಿಂದ. ಒಳಗಿನ ಪ್ರತಿಯೊಂದು ಬಾಗಿಲಲ್ಲಿ ನಿಲ್ಲುವ ಅಪ್ಪ ಬೀದಿಬಾಗಿಲ ಹೊಸ್ತಿಲನ್ನು ಮಾತ್ರ ತಡೆಯಿಲ್ಲದೆ ದಾಟುತ್ತಿದ್ದುದನ್ನು ನಾನು ತಿಂಗಳುಗಟ್ಟಲೆ ನೋಡಿಯೂ ಗಮನಿಸಿರಲಿಲ್ಲ. ಹೊಸ್ತಿಲ ಮುಂದೆ ಅಮ್ಮ ದಿನವೂ ಅಡ್ಡಲಾಗಿ ಎಳೆಯುವ ಎರಡೆಳೆಯ ಗೆರೆಯನ್ನು ತುಳಿಯಬಾರದೆಂದು ಅವರು ಕಾಲೆತ್ತಿ ಇಡುತ್ತಿದ್ದರು. ನಡಿಗೆಗೆ ಅಡ್ಡವಾಗಿರುವ ಗೆರೆಗಳು ಪಾರ್ಕಿನ್ಸನ್ ರೋಗಿಗಳಿಗೆ ನೆರವಾಗುತ್ತವೆ, ಉದ್ದುದ್ದದ ಗೆರೆಗಳು ಆಗುವುದಿಲ್ಲ ಎಂಬುದನ್ನು ಬ್ರಿಟನ್ನಿನ ನರರೋಗ ತಜ್ಞ ಪರ್ಡನ್ ಮಾರ್ಟಿನ್ 1960ರ ದಶಕದಲ್ಲಿಯೇ ಬರೆದಿದ್ದರಂತೆ. ನನಗೆ ಅದು ತಿಳಿದದ್ದು ಕೋಲು ಕೊಂಡ ಮೇಲೆ. ಕೆಂಪು ನೆಲದ ಮೇಲೆ 45 ಸೆಂಟಿಮೀಟರಿಗೊಂದರಂತೆ ಪಟ್ಟಿ ಅಂಟಿಸಿದೆ, ಬಚ್ಚಲ ತಿರುವಿನಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಿದೆ. ಬಾಗಿಲಲ್ಲಿ ನಿಲ್ಲುವುದು ಪೂರ್ತಿ ತಪ್ಪಿಲ್ಲ, ಆದರೆ ನಿಮಿಷಗಳ ನಿಲುಗಡೆ ಈಗ ಬಹುಮಟ್ಟಿಗೆ ಸೆಕೆಂಡುಗಳಿಗೆ ಇಳಿದಿದೆ. ಬ್ಯಾಟರಿ ಬೇಡ, ಗುಂಡಿ ಒತ್ತಬೇಕಿಲ್ಲ, ಕೈ ನಡುಗಿದರೂ ಗೆರೆ ನಡುಗುವುದಿಲ್ಲ.

ಮಿದುಳಿನ ಆಳಕ್ಕೆ ವಿದ್ಯುತ್ ತಂತಿ ಇಳಿಸಿ ಸೆಕೆಂಡಿಗೆ 130ರ ಆಸುಪಾಸಿನ ಮಿಡಿತಗಳಿಂದ ಬೀಟಾ ಲಯವನ್ನು ತಗ್ಗಿಸುವ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್) ಶಸ್ತ್ರಚಿಕಿತ್ಸೆಯನ್ನು ಈ ಹೋಲಿಕೆಗೆ ಸೇರಿಸಿಲ್ಲ. ಅದು ವೈದ್ಯರು ತೀರ್ಮಾನಿಸುವ ವಿಷಯ, ಮತ್ತು ಮಾತ್ರೆಗೆ ಬಗ್ಗದ ಫ್ರೀಜಿಂಗ್ ಸಾಮಾನ್ಯವಾಗಿ ಅದಕ್ಕೂ ಬಗ್ಗುವುದಿಲ್ಲ.

ಪಿಂಚಣಿಯ ಮನೆ, ದಿನದ ಬಹುಪಾಲು ಒಳಗೇ ಇರುವ ಅಪ್ಪ, ಯಂತ್ರಗಳಿಗೆ ಚಾರ್ಜ್ ಹಾಕಲು ಮರೆಯುವ ನಾನು. ಹೀಗಿರುವಾಗ ನನ್ನ ಆಯ್ಕೆ ಪಟ್ಟಿಯೇ. ಸಂಜೆಯ ಪಾರ್ಕಿಗೆ ಮೆಟ್ರೊನೋಮ್ ಜೊತೆಗಿರುತ್ತದೆ, ಕೋಲಿನ ಬ್ಯಾಟರಿ ತೆಗೆದು ಬರಿಯ ಊರುಗೋಲಾಗಿ ಬಳಸುತ್ತೇವೆ. ಪಟ್ಟಿಯ ದೋಷವೆಂದರೆ ನೆಲ ಒರೆಸುವ ನೀರಿಗೆ ಅದರ ಅಂಚು ಏಳುತ್ತದೆ, ಎದ್ದ ಅಂಚು ಕಾಲಿಗೆ ಅಪಾಯ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಭಾನುವಾರ ಅವನ್ನು ಕಿತ್ತು ಹೊಸದಾಗಿ ಅಂಟಿಸುತ್ತೇನೆ. ಅಳತೆ ಸರಿಯಿದೆಯೇ ಎಂದು ಅಪ್ಪ ಕುರ್ಚಿಯಲ್ಲಿ ಕುಳಿತು ಸ್ಕೇಲು ಹಿಡಿದು ನೋಡುತ್ತಾರೆ.