ಎಂಎಸ್‌ಐ ಬಿ450 ಟೊಮಾಹಾಕ್ ಮ್ಯಾಕ್ಸ್: ಓವರ್‌ಕ್ಲಾಕ್ ಕೈಕೊಟ್ಟ ದಿನ ಈ ಬೋರ್ಡು ಹೇಗೆ?

ಮದರ್‌ಬೋರ್ಡಿನ ವಿಮರ್ಶೆ ಅಂದರೆ ಸಾಮಾನ್ಯವಾಗಿ ಓವರ್‌ಕ್ಲಾಕ್‌ನಲ್ಲಿ, ಅಂದರೆ ಪ್ರೊಸೆಸರ್, ರ‍್ಯಾಮ್‌ಗಳನ್ನು ನಿಗದಿಗಿಂತ ವೇಗವಾಗಿ ಓಡಿಸುವುದರಲ್ಲಿ, ಎಷ್ಟು ಮೆಗಾಹರ್ಟ್ಸ್ ಏರಿತು ಎಂಬ ಲೆಕ್ಕ. ಏರಿಸಿದವರ ನಿಜವಾದ ಪ್ರಶ್ನೆ ಆಮೇಲೆ ಬರುತ್ತದೆ: ಫ್ಯಾನು ತಿರುಗುತ್ತಿದೆ, ಪರದೆ ಕಪ್ಪಗಿದೆ, ಈಗೇನು ಮಾಡುವುದು? 2019ರ ಈ ಎಎಂ4 (ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡು ರೈಜೆನ್ 5 3600 ಪ್ರೊಸೆಸರಿನ ಜೋಡಿಯಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಓಡಾಡುತ್ತಿದೆ. ಹಾಗಾಗಿ ಅದೊಂದು ಪ್ರಶ್ನೆಯನ್ನೇ ಹಿಡಿದು ಇದನ್ನು ನೋಡೋಣ.

ಇದರ ದೊಡ್ಡ ಆಸ್ತಿ ಈಝೀ ಡೀಬಗ್ ಹೆಸರಿನ ನಾಲ್ಕು ಪುಟ್ಟ ಎಲ್‌ಇಡಿಗಳು: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಅಂದರೆ ಕ್ರಮವಾಗಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡು, ವಿಂಡೋಸ್ ಇರುವ ಡ್ರೈವು. ಆನ್ ಮಾಡಿದಾಗ ಒಂದೊಂದಾಗಿ ಹತ್ತಿ ಆರುತ್ತವೆ. ಎಲ್ಲಿ ಆರದೆ ನಿಂತಿತೋ ಅಲ್ಲಿ ತೊಂದರೆ. ದುಬಾರಿ ಬೋರ್ಡುಗಳಂತೆ ಎರಡಂಕಿಯ ಕೋಡ್ ತೋರಿಸುವ ಪರದೆ ಇಲ್ಲಿಲ್ಲ, ಆದರೆ ಹತ್ತರಲ್ಲಿ ಎಂಟು ಸಲ ಈ ನಾಲ್ಕು ದೀಪವೇ ಸಾಕು.

ಓವರ್‌ಕ್ಲಾಕ್ ಮಾಡಿದ ಮೇಲೆ ಹೆಚ್ಚಾಗಿ ಉರಿಯುತ್ತಾ ನಿಲ್ಲುವುದು ಡಿರ‍್ಯಾಮ್ ದೀಪ. ಕಾರಣ ಸರಳ. ರೈಜೆನ್ 3000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವುದು 3200 ವೇಗದ ಡಿಡಿಆರ್4. ಮೆಮೊರಿ ವೇಗ 3600ಕ್ಕೆ ಹೋದರೆ ಪ್ರೊಸೆಸರ್ ಚಿಪ್ಪಿನೊಳಗಿನ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಜಾಲ 1800 ಮೆಗಾಹರ್ಟ್ಸ್‌ನಲ್ಲಿ ಓಡಬೇಕು. ಬಹುತೇಕ ಚಿಪ್ಪುಗಳು ಇದನ್ನು ತಡೆದುಕೊಳ್ಳುತ್ತವೆ. 3800 ಎಂದರೆ 1900 ಬೇಕು, ಅದು ಅದೃಷ್ಟದ ಮಾತು. ನಾಲ್ಕೂ ಸ್ಲಾಟು ತುಂಬಿಸಿದ್ದರೆ ಇನ್ನೂ ಕಷ್ಟ. ದೀಪ ಕಂಡ ಕೂಡಲೇ ಪವರ್ ಕಿತ್ತುಬಿಡಬೇಡಿ. ಬೋರ್ಡು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಾ ತಾನೇ ಕೆಲವು ಸಲ ಆಫ್ ಆಗಿ ಆನ್ ಆಗಬಹುದು. ಒಂದೆರಡು ನಿಮಿಷ ಬಿಡಿ. ಆಗಲೂ ಏಳದಿದ್ದರೆ ಒಂದೇ ರ‍್ಯಾಮ್ ಸ್ಟಿಕ್ಕನ್ನು ಎ2 ಸ್ಲಾಟಿನಲ್ಲಿ, ಅಂದರೆ ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ, ಹಾಕಿ ನೋಡಿ.

ಸಿಪಿಯು ದೀಪ ನಿಂತರೆ ಕ್ಲಾಕಿಗೆ ವೋಲ್ಟೇಜ್ ಸಾಲದಾಗಿರಬಹುದು. ವಿಜಿಎ ದೀಪವಾದರೆ ಮೊದಲು ಕಾರ್ಡು ಸರಿಯಾಗಿ ಕೂತಿದೆಯೇ ನೋಡಿ. ರೈಜೆನ್ 5 3600 ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲವಾದ್ದರಿಂದ ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿ ಕಾಯುವುದು ವ್ಯರ್ಥ. ಬೂಟ್ ದೀಪ ಮಾತ್ರ ದಾರಿ ತಪ್ಪಿಸುತ್ತದೆ. ಎಸ್‌ಎಸ್‌ಡಿ ಹೋಯಿತೆಂದು ಗಾಬರಿಯಾಗುವವರೇ ಹೆಚ್ಚು, ಆದರೆ ಬೂಟ್ ಕ್ರಮ ಬದಲಾಗಿರಬಹುದು, ಇಲ್ಲವೇ ಅಸ್ಥಿರ ರ‍್ಯಾಮ್ ವಿಂಡೋಸಿನ ಫೈಲುಗಳನ್ನು ಕೆಡಿಸಿರಬಹುದು.

ಇನ್ನು ಈ ಬೋರ್ಡಿನ ದೊಡ್ಡ ಕೊರತೆ. ಬಯೋಸಿನ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಸೆಟ್ಟಿಂಗುಗಳಿರುವ ಸಿಮೋಸ್ ಮೆಮೊರಿಯನ್ನು ಅಳಿಸಿ ಮೊದಲಿನ ಸ್ಥಿತಿಗೆ ತರುವ ಕ್ಲಿಯರ್ ಸಿಮೋಸ್ ಬಟನ್ ಹಿಂಬದಿಯಲ್ಲಿ ಇಲ್ಲ. ಪ್ರತಿ ಸಲ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ ಜೆಬ್ಯಾಟ್1 ಎಂದು ಬರೆದಿರುವ ಎರಡು ಪಿನ್ ಹುಡುಕಬೇಕು. ಪವರ್ ಸಪ್ಲೈ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟು ಖಾಲಿ ಮಾಡಿ. ಸ್ಕ್ರೂಡ್ರೈವರಿನ ತುದಿಯನ್ನು ಎರಡೂ ಪಿನ್ನಿಗೆ ತಾಗುವಂತೆ 5ರಿಂದ 10 ಸೆಕೆಂಡ್ ಹಿಡಿಯಿರಿ. ಪದೇ ಪದೇ ಕ್ಲಾಕ್ ಬದಲಿಸುವವರು ಕ್ಯಾಬಿನೆಟ್ಟಿನ ರೀಸೆಟ್ ಬಟನ್ನಿನ ವೈರನ್ನೇ ಜೆಬ್ಯಾಟ್1ಕ್ಕೆ ಸಿಕ್ಕಿಸಿಕೊಳ್ಳುವುದುಂಟು. ಒಳ್ಳೆಯ ಉಪಾಯ, ಆದರೆ ಪವರ್ ವೈರ್ ಕಿತ್ತಿರುವಾಗ ಮಾತ್ರ ಒತ್ತಬೇಕು. ಮನೆಯಲ್ಲಿ ಮಕ್ಕಳಿದ್ದರೆ ಬೇಡವೇ ಬೇಡ.

ಇಲ್ಲೊಂದು ಎಚ್ಚರಿಕೆ: ವಿಂಡೋಸಿನಲ್ಲಿ ಬಿಟ್‌ಲಾಕರ್ (ಡ್ರೈವಿನ ಗೂಢಲಿಪಿ ಬೀಗ) ಹಾಕಿದ್ದರೆ, ಸಿಮೋಸ್ ಅಳಿಸಿದ ಮೇಲೆ ರಿಕವರಿ ಕೀ ಕೇಳಬಹುದು. ಕ್ಲಾಕ್ ಮುಟ್ಟುವ ಮುನ್ನವೇ ಅದನ್ನು ಬರೆದಿಟ್ಟುಕೊಳ್ಳಿ. ಸರಿಯಾಗಿ ಓಡುತ್ತಿರುವ ಸೆಟ್ಟಿಂಗನ್ನು ಬಯೋಸಿನ ಓಸಿ (ಓವರ್‌ಕ್ಲಾಕ್) ಪ್ರೊಫೈಲ್‌ನಿಂದ ಪೆನ್‌ಡ್ರೈವಿಗೆ ಹಾಕಿಟ್ಟರೆ ಮತ್ತೆ ಮೊದಲಿನಿಂದ ಟೈಪಿಸುವ ಪಾಡಿಲ್ಲ.

ಎದ್ದ ಮೇಲೆ ಎಲ್ಲವನ್ನೂ ಒಟ್ಟಿಗೆ ಏರಿಸಬೇಡಿ. ಮೊದಲು ಎ-ಎಕ್ಸ್‌ಎಂಪಿ (ಮೆಮೊರಿಯಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಮಾತ್ರ ಆನ್ ಮಾಡಿ, ರ‍್ಯಾಮ್ ವೋಲ್ಟೇಜ್ ಪ್ಯಾಕೆಟ್ಟಿನ ಮೇಲಿರುವಷ್ಟೇ ಇದೆಯೇ ನೋಡಿ. 3600 ವೇಗದ ಮೆಮೊರಿ ಕಿಟ್ಟುಗಳಲ್ಲಿ ಸಾಮಾನ್ಯವಾಗಿ 1.35 ವೋಲ್ಟ್. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದೂ ತಪ್ಪಿಲ್ಲದೆ ಮುಗಿದ ಮೇಲಷ್ಟೇ ಪ್ರೊಸೆಸರ್ ಮುಟ್ಟಿ.

ಸಿಮೋಸ್ ಅಳಿಸಿದರೂ ಜೀವ ಬರದಿದ್ದರೆ ಬಯೋಸನ್ನು ಹೊಸದಾಗಿ ಬರೆಯುವ ಫ್ಲ್ಯಾಶ್ ಬಯೋಸ್ ಬಟನ್ ಇದೆ. ಹಳೆಯ ಬಜೆಟ್ ಬೋರ್ಡಿನಲ್ಲಿ ಇದು ಸಿಕ್ಕಿರುವುದು ಭಾಗ್ಯವೇ ಸರಿ. ಪ್ರೊಸೆಸರ್, ರ‍್ಯಾಮ್ ಯಾವುದೂ ಬೇಕಿಲ್ಲ. 24 ಪಿನ್ ಮತ್ತು 8 ಪಿನ್ ಪವರ್ ಕೊಟ್ಟಿದ್ದರೆ ಸಾಕು. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲನ್ನು ಯಾವ ಫೋಲ್ಡರಿನೊಳಗೂ ಇಡದೆ ನೇರವಾಗಿ ಹಾಕಿ. ಫೈಲಿನ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಎಂಎಸ್‌ಐ, ಚುಕ್ಕೆ, ಆರ್‌ಒಎಂ ಎಂದೇ ಇರಬೇಕು. ಫ್ಲ್ಯಾಶ್ ಬಯೋಸ್ ಎಂದು ಗುರುತಿರುವ ಪೋರ್ಟಿಗೇ ಸಿಕ್ಕಿಸಿ ಬಟನ್ ಒತ್ತಿ. ಮಿನುಗುವ ದೀಪ ಪೂರ್ತಿ ಆರುವ ತನಕ ಕರೆಂಟು ಹೋಗಬಾರದು. ಯುಪಿಎಸ್ ಇಲ್ಲದ ಮನೆಯಲ್ಲಿ ಲೋಡ್ ಶೆಡ್ಡಿಂಗ್ ಹೊತ್ತಿಗೆ ಈ ಸಾಹಸ ಬೇಡ. ಮ್ಯಾಕ್ಸ್ ಅಲ್ಲದ ಹಳೆಯ ಟೊಮಾಹಾಕಿನ ಬಯೋಸ್ ಚಿಪ್ಪು 16 ಎಂಬಿ, ಇದರದ್ದು 32. ಎರಡರ ಫೈಲು ಬೇರೆ ಬೇರೆ, ಅದಲುಬದಲು ಮಾಡಬೇಡಿ.

ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹಳೆಯದನ್ನು ಕೊಳ್ಳುವಾಗ ಬೋರ್ಡಿನ ಮೇಲೆ ಮ್ಯಾಕ್ಸ್ ಎಂಬ ಗುರುತಿದೆಯೇ ನೋಡಿ. ಆಮೇಲೆ ಅಂಗಡಿಯವರ ಎದುರೇ ಸಿಮೋಸ್ ಅಳಿಸಿ ಆನ್ ಮಾಡಿಸಿ. ನಾಲ್ಕೂ ದೀಪ ಆರಿ ಪರದೆಯಲ್ಲಿ ಬಯೋಸ್ ಬಂದ ಮೇಲೆ ದುಡ್ಡು ಕೊಡಿ.