ವಿಂಚೆಸ್ಟರ್ 1892, .25-20: ಬಹುಕಾಲ ಬಳಸಿದ ಮೇಲೆ ಹೇಳಬಹುದಾದದ್ದು

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಂತ್ರವಾಗಿ ವಿಂಚೆಸ್ಟರ್ 1892 ಎಂಬ ಈ ಹಳೆಯ ರೈಫಲ್‌ಗೆ ಐದಕ್ಕೆ ಐದು ಅಂಕ. ಜಿಂಕೆ ಬೇಟೆಯ ರೈಫಲ್ ಆಗಿ ಐದಕ್ಕೆ ಎರಡು, ಅದೂ ಹೊಡೆಯುವವರು ಬಲು ಹತ್ತಿರದಲ್ಲಿ, ಬಲು ತಾಳ್ಮೆಯಿಂದ ಹೊಡೆದರೆ. ಉಳಿದ ಮೂರು ಅಂಕ ಹೋಗಿರುವುದು ಕೋವಿಯಿಂದಲ್ಲ, ಅದರ .25-20 ಎಂಬ ಸಣ್ಣ ತೋಟಾದಿಂದ. ಹಳೆಯ ಸಣ್ಣ ಕ್ಯಾಲಿಬರ್ (ನಳಿಗೆಯ ಒಳವ್ಯಾಸ, ಇಂಚಿನ ಲೆಕ್ಕದಲ್ಲಿ) ರೈಫಲ್ ಕೊಳ್ಳಲು ಹೊರಟವರು ಈ ಎರಡನ್ನು ಬೇರೆ ಬೇರೆಯಾಗಿ ತೂಗಿ ನೋಡಬೇಕು.

1892ರ ಮಾದರಿ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ಅವರದು. ದೊಡ್ಡ ತೋಟಾಗಳಿಗಾಗಿ ಮಾಡಿದ್ದ 1886ರ ರೈಫಲ್ಲಿನ ಯಂತ್ರವನ್ನೇ ಕುಗ್ಗಿಸಿ ಇದನ್ನು ಮಾಡಿದರು. ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟಿನ ಎರಡೂ ಪಕ್ಕದಲ್ಲಿ ನೆಟ್ಟಗೆ ಮೇಲೇರಿ ಕಚ್ಚಿಕೊಳ್ಳುವ ಎರಡು ಉಕ್ಕಿನ ಬೀಗಗಳಿವೆ. .25-20ರಂಥ ಪುಟ್ಟ ತೋಟಾಕ್ಕೆ ಇದು ಬೇಕಾದ್ದಕ್ಕಿಂತ ಹೆಚ್ಚಿನ ಬಲ. ಲಿವರ್ (ತೋಟಾ ಬದಲಿಸಲು ಟ್ರಿಗರಿನಡಿ ಕೆಳಗೆಳೆದು ಮೇಲೆತ್ತುವ ಹಿಡಿ) ತಿರುವುವ ದೂರ ಕಡಿಮೆ, 20 ಇಂಚು ನಳಿಗೆಯ ಗಿಡ್ಡ ಮಾದರಿಯಾದ ಕಾರ್ಬೈನ್ ಆರು ಪೌಂಡ್ ಆಸುಪಾಸು ತೂಗುತ್ತದೆ, ಹೆಗಲಿಗೆ ಏರಿಸಿದ ಕೂಡಲೇ ಕಣ್ಣು ತಾನಾಗಿ ಗುರಿಯ ಮೇಲೆ ಕೂರುತ್ತದೆ. ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದ ಮಾದರಿ ಇದು. ಹತ್ತು ಲಕ್ಷನೆಯ ರೈಫಲ್ಲನ್ನು 1932ರಲ್ಲಿ ಅಮೆರಿಕದ ಯುದ್ಧ ಕಾರ್ಯದರ್ಶಿ ಪ್ಯಾಟ್ರಿಕ್ ಹರ್ಲಿ ಅವರಿಗೆ ಕೊಡಲಾಯಿತು.

ತೋಟಾದ ವಿಷಯ. 1882ರಲ್ಲಿ ಬಂದ .32-20ರ ಕತ್ತನ್ನು ಕಿರಿದು ಮಾಡಿದರೆ .25-20. ಕಾರ್ಖಾನೆಯ ಸಾಮಾನ್ಯ ತೋಟಾದಲ್ಲಿ 86 ಗ್ರೇನ್ (ಸುಮಾರು ಐದೂವರೆ ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 1,460 ಅಡಿ ವೇಗದಲ್ಲಿ ಹೊರಡುತ್ತದೆ. ನಳಿಗೆಯ ಬಾಯಲ್ಲಿ ಅದರ ಶಕ್ತಿ 407 ಫುಟ್-ಪೌಂಡ್ (ಏಟಿನ ಶಕ್ತಿಯ ಅಳತೆ), 100 ಗಜದಲ್ಲಿ 272. ಅದೇ ಕಾಲದ ಜಿಂಕೆ ಬೇಟೆಯ ತೋಟಾ .30-30ರ 170 ಗ್ರೇನ್ ಗುಂಡು ನಳಿಗೆಯ ಬಾಯಲ್ಲಿ 1,800 ದಾಟುತ್ತದೆ. ಅಂದರೆ ಇದರ ನಾಲ್ಕು ಪಟ್ಟಿಗೂ ಮೇಲೆ. ತೋಟಾ ಅಗ್ಗ, ಸದ್ದು ಕಡಿಮೆ, ಒದೆತ ಇಲ್ಲವೆಂದೇ ಹೇಳಬಹುದು. ಹಾಗಾಗಿ ಅಮೆರಿಕದ ಹಳ್ಳಿಗಾಡಿನಲ್ಲಿ ಮೊಲಕ್ಕೂ ನರಿಗೂ ಇಟ್ಟುಕೊಂಡ ಕೋವಿಯೇ ಜಿಂಕೆಗೂ ಹೋಗುತ್ತಿತ್ತು.

ಈ ತೋಟಾವನ್ನು ಹೊಗಳುವವರೆಲ್ಲ ಜೇಮ್ಸ್ ಜೋರ್ಡನ್ ಅವರ ಹೆಸರು ಎತ್ತುತ್ತಾರೆ. 1914ರ ನವೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ಡ್ಯಾನ್‌ಬರಿ ಬಳಿ ಅವರು .25-20 ವಿಂಚೆಸ್ಟರ್‌ನಿಂದ ಹೊಡೆದ ಬಿಳಿಬಾಲದ ಗಂಡು ಜಿಂಕೆಯ ಕೊಂಬು ಕೊಂಬಿನ ಅಳತೆಯ ಲೆಕ್ಕದಲ್ಲಿ 206 1/8 ಅಂಕ ಪಡೆದು, 1993ರಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ಮಿಲೋ ಹ್ಯಾನ್ಸನ್ ಹೊಡೆದ ಜಿಂಕೆ ಅದನ್ನು ಮೀರಿಸುವವರೆಗೂ ವಿಶ್ವದಾಖಲೆಯಾಗಿ ಉಳಿದಿತ್ತು. ನಿಜ. ಆದರೆ ಆ ಜಿಂಕೆ ಒಂದೇ ಈಡಿಗೆ ಬೀಳಲಿಲ್ಲ. ಗಾಯಗೊಂಡು ಓಡಿದ ಅದರ ಜಾಡು ಹಿಡಿದು ಯೆಲ್ಲೋ ನದಿಯ ತನಕ ಹೋಗಿ ಮುಗಿಸಬೇಕಾಯಿತು. ಹೊಗಳುವವರು ಬಿಟ್ಟುಬಿಡುವ ಭಾಗ ಇದು. ಈ ತೋಟಾದ ಸ್ವಭಾವ ಸರಿಯಾಗಿ ಕಾಣುವುದು ಅಲ್ಲೇ: ಗುಂಡು ಹೋಗಿ ತಾಗುತ್ತದೆ, ಆದರೆ ಭುಜದ ಮೂಳೆಗೆ ಸಿಕ್ಕಿದರೆ ಒಳಗೆ ಇಳಿಯುವ ಕಸುವು ಉಳಿದಿರುವುದಿಲ್ಲ; ಮೆತ್ತಗೆ ಪಕ್ಕೆಲುಬಿನ ನಡುವೆ ಹೊಕ್ಕರೆ ತೂತು ಸಣ್ಣದು, ರಕ್ತದ ಜಾಡು ಇನ್ನೂ ಸಣ್ಣದು. 60 ಗ್ರೇನ್‌ನ ವೇಗದ ಟೊಳ್ಳುಮೂತಿ ಗುಂಡು ಇನ್ನೂ ಕೆಟ್ಟದ್ದು. ಸಣ್ಣ ಪ್ರಾಣಿಗೆಂದು ಮಾಡಿದ್ದರಿಂದ ಚರ್ಮದಡಿಯಲ್ಲೇ ಒಡೆದುಹೋಗುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ಕೊಲರಾಡೊದಲ್ಲಿ ಜಿಂಕೆಗೆ ಕನಿಷ್ಠ .24 ಕ್ಯಾಲಿಬರ್, 70 ಗ್ರೇನ್ ತೂಕದ ಹಿಗ್ಗುವ ಗುಂಡು, ಜೊತೆಗೆ 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಬೇಕು. ಮೊದಲ ಎರಡರಲ್ಲಿ .25-20 ಪಾಸು, ಮೂರನೆಯದರಲ್ಲಿ ಕಾಲು ಭಾಗ ಮುಟ್ಟಿ ನಿಲ್ಲುತ್ತದೆ. ವರ್ಜೀನಿಯಾ ಕೇಳುವುದು .23 ಕ್ಯಾಲಿಬರ್ ಮಾತ್ರ, ಹಾಗಾಗಿ ಅಲ್ಲಿ ಕ್ಯಾಲಿಬರ್ ಲೆಕ್ಕದಲ್ಲಿ ಇದು ಪಾರಾಗುತ್ತದೆ. ಪಾರಾಯಿತೆಂದ ಮಾತ್ರಕ್ಕೆ ಒಯ್ಯಬೇಕಾಗಿಲ್ಲ. ಜಿಂಕೆ ನರಳದೆ ಸಾಯಬೇಕು ಎಂಬುದು ಹೊಡೆಯುವವರ ಹೊಣೆ, ರಾಜ್ಯದ ಪುಸ್ತಕದ್ದಲ್ಲ.

ಇನ್ನು ಕೋವಿಯ ವಿಷಯಕ್ಕೆ ಬರೋಣ. ಹೇಳುವುದು ಹೆಚ್ಚಿರುವುದು ಇಲ್ಲೇ.

ನೂರು ವರ್ಷದ .25 ನಳಿಗೆಯಲ್ಲಿ ಮೊದಲು ಹುಡುಕಬೇಕಾದದ್ದು ತುಕ್ಕಿನ ಗುಳಿ. ಆ ಕಾಲದ ತೋಟಾಗಳ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ನಳಿಗೆಯೊಳಗೆ ಕೂರುತ್ತದೆ, ಗಾಳಿಯ ತೇವ ಹೀರುತ್ತದೆ, ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಈ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಎಣ್ಣೆ ಒರೆಸಿ ಚೊಕ್ಕಟವಾಯಿತೆಂದು ಗೋಡೆಗೆ ಒರಗಿಸಿಟ್ಟವರ ಕೋವಿಗಳೇ ಹೆಚ್ಚು ಹಾಳಾಗಿವೆ. ಹಳೆಯ ಪೆಟ್ಟಿಗೆಯ ತೋಟಾ ಹೊಡೆದಿದ್ದರೆ ಅವತ್ತೇ ಬಿಸಿನೀರಿನ ಬಟ್ಟೆ ಮೂರ್ನಾಲ್ಕು ಸಲ ಎಳೆಯಿರಿ, ಒಣಬಟ್ಟೆ ಎಳೆಯಿರಿ, ತೆಳುವಾಗಿ ಎಣ್ಣೆ ಹಚ್ಚಿ, ಮರುದಿನ ಮತ್ತೊಮ್ಮೆ ನೋಡಿ. ಬೋಲ್ಟ್ ಬಿಚ್ಚದೆ ಹಿಂದಿನಿಂದ ಸರಳು ಹಾಕಲಾಗದ ಕಾರಣ ಬಾಯಿಯ ಕಡೆಯಿಂದಲೇ ತೊಳೆಯಬೇಕು. ಆಗ ಸರಳು ನಳಿಗೆಯ ಅಂಚಿಗೆ ಉಜ್ಜದಂತೆ ಹಿತ್ತಾಳೆಯ ಗೈಡ್ ಹಾಕಿ. ದಶಕಗಟ್ಟಲೆ ಉಜ್ಜಿಸಿಕೊಂಡು ಅಂಚು ಸವೆದ ನಳಿಗೆ, ಒಳಗೆ ಕನ್ನಡಿಯಂತಿದ್ದರೂ, ಗುಂಡನ್ನು ನೆಟ್ಟಗೆ ಕಳಿಸುವುದಿಲ್ಲ. .30ರ ಸರಳು ಇದರೊಳಗೆ ಹೋಗುವುದಿಲ್ಲ, .22ರ ಸರಳು ಬೇಕು.

ಕೊಳ್ಳುವ ಮುನ್ನ ಅರ್ಧ ಕಾಕ್ (ಹೊಡೆಯುವ ಸುತ್ತಿಗೆಯಾದ ಹ್ಯಾಮರ್ ಅರ್ಧ ಎಳೆದು ಕಚ್ಚಿನಲ್ಲಿ ನಿಲ್ಲುವ ಸ್ಥಿತಿ) ಪರೀಕ್ಷೆ ಮಾಡಲೇಬೇಕು, ಏಕೆಂದರೆ ಹಳೆಯ 92ರಲ್ಲಿ ಬೇರೆ ಸೇಫ್ಟಿ ಇಲ್ಲ. ಕೋವಿ ಖಾಲಿಯಿದೆಯೆಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಂಡು, ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ, ಟ್ರಿಗರ್ ಗಟ್ಟಿಯಾಗಿ ಎಳೆದು ನೋಡಿ. ಆಮೇಲೆ ಟ್ರಿಗರ್ ಬಿಟ್ಟು ಹ್ಯಾಮರನ್ನು ಹೆಬ್ಬೆರಳಿಂದ ಮುಂದಕ್ಕೆ ಒತ್ತಿ ನೋಡಿ. ಎರಡರಲ್ಲಿ ಒಂದರಲ್ಲಾದರೂ ಜಾರಿದರೆ ಕಚ್ಚು ಸವೆದಿದೆ. ದುರಸ್ತಿ ಆಗುವತನಕ ಅದಕ್ಕೆ ತೋಟಾ ತುಂಬಬಾರದು.

ಬಳಕೆಯಲ್ಲಿ ಪದೇ ಪದೇ ಕಾಡುವ ದೋಷ ಜೋಡಿ ತೋಟಾದ್ದು. ಲಿವರ್ ಅರ್ಧ ತೆರೆದು ನಿಂತುಬಿಡುತ್ತದೆ, ತೋಟಾವನ್ನು ಮೇಲಕ್ಕೆತ್ತುವ ಕ್ಯಾರಿಯರ್ ಮೇಲೇಳುವುದಿಲ್ಲ. ಮೇಲಿನಿಂದ ಇಣುಕಿದರೆ ಮೊದಲ ತೋಟಾ ಕ್ಯಾರಿಯರ್ ಮೇಲೆ ಸರಿಯಾಗೇ ಕೂತಿರುತ್ತದೆ. ಅದರ ಹಿಂದೆ ಬಂದ ಎರಡನೆಯದರ ಅಂಚು ಮಾತ್ರ ನಳಿಗೆಯಡಿಯಲ್ಲಿ ತೋಟಾಗಳು ಸಾಲಾಗಿ ಕೂರುವ ಟ್ಯೂಬಿನ ಬಾಯಿಂದ ಅಕ್ಕಿಕಾಳಿನಷ್ಟು ಹೊರಬಂದು ಕ್ಯಾರಿಯರ್‌ಗೆ ಅಡ್ಡ ನಿಂತಿರುತ್ತದೆ. ಎಡಗಡೆಯ ಗೈಡಿನಲ್ಲಿರುವ ಕಾರ್ಟ್ರಿಡ್ಜ್ ಸ್ಟಾಪಿನ (ತೋಟಾ ತಡೆಯ) ಸ್ಪ್ರಿಂಗ್ ಸೋತಿದ್ದರೆ, ಅಥವಾ ಆ ಸ್ಟಾಪಿನ ಮೂಲೆ ದುಂಡಗಾಗಿದ್ದರೆ ಹೀಗಾಗುತ್ತದೆ. ಬಲ ಹಾಕಿ ಲಿವರ್ ಎಳೆದರೆ ಬಿಡಿಭಾಗ ಬಾಗುತ್ತದೆ. ನಳಿಗೆಯ ಬಾಯನ್ನು ನೆಲದತ್ತ ಇಳಿಸಿ, ತೆಳು ಮರದ ಕಡ್ಡಿಯಿಂದ ಎರಡನೆಯ ತೋಟಾವನ್ನು ಟ್ಯೂಬಿನೊಳಗೆ ಹಿಂದಕ್ಕೆ ನೂಕಿ, ಆಗ ಲಿವರ್ ಸಲೀಸಾಗಿ ತಿರುಗುತ್ತದೆ. ಕಾಯಂ ಪರಿಹಾರ ಹೊಸ ಸ್ಪ್ರಿಂಗ್. ಸ್ಟಾಪನ್ನು ಅರದಿಂದ ಚೂಪು ಮಾಡಲು ಹೋಗಬೇಡಿ, ಒಂದು ಎಳೆ ಹೆಚ್ಚು ಹೋದರೆ ಅದು ಕೆಲಸಕ್ಕೆ ಬಾರದು.

ಖಾಲಿ ತೋಟೆ (ತೋಟಾದ ಹಿತ್ತಾಳೆ ಕವಚ) ಸರಿಯಾಗಿ ಹಾರದಿದ್ದರೆ ಅದನ್ನು ಹೊರದೂಡುವ ಎಜೆಕ್ಟರ್ ಸ್ಪ್ರಿಂಗಿನ ಸುತ್ತ ಹೆಪ್ಪುಗಟ್ಟಿದ ಹಳೇ ಎಣ್ಣೆಯೇ ಬಹುಪಾಲು ಕಾರಣ. ಲಿವರನ್ನು ಅಂಜುತ್ತಾ ಮೆಲ್ಲಗೆ ತಿರುವುವ ಅಭ್ಯಾಸ ಇನ್ನೊಂದು ಕಾರಣ. ಈ ಯಂತ್ರಕ್ಕೆ ಚುರುಕು ಕೈ ಬೇಕು.

ತೋಟಾ ಈಗ ಅಪರೂಪಕ್ಕೆ, ಸಣ್ಣ ಸಣ್ಣ ಕಂತಿನಲ್ಲಿ ಬರುತ್ತದೆ. ಹಾಗಾಗಿ ಮನೆಯಲ್ಲೇ ಮರುತುಂಬದೆ ಗತಿಯಿಲ್ಲ. ತೋಟೆ ಸಿಗದಿದ್ದರೆ .32-20ರದನ್ನು .25-20ರ ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿ ಕತ್ತು ಕಿರಿದು ಮಾಡಬಹುದು. .32-20ರ ಉದ್ದ 1.315 ಇಂಚು, .25-20ಕ್ಕೆ ಗರಿಷ್ಠ 1.330. ಹಾಗಾಗಿ ಕತ್ತರಿಸುವ ಕೆಲಸ ಸಾಮಾನ್ಯವಾಗಿ ಬೀಳುವುದಿಲ್ಲ. ತೊಂದರೆ ಇರುವುದು ಗೋಡೆಯ ತೆಳುವಿನಲ್ಲಿ. ಕತ್ತಿನ ಹಿತ್ತಾಳೆ ಕಾಗದದಂತಿದೆ, ಗುಂಡು ಸ್ವಲ್ಪ ಓರೆಯಾಗಿ ಕೂತರೂ ಮುದುಡಿಹೋಗುತ್ತದೆ. ತೋಟೆಯ ಬಾಯನ್ನು ಮೊದಲು ಎಕ್ಸ್‌ಪ್ಯಾಂಡರ್‌ನಿಂದ ಕಣ್ಣಿಗೆ ಕಾಣಿಸುವಷ್ಟು ಮಾತ್ರ ಅಗಲಿಸಿ, ಗುಂಡು ಕೂರಿಸುವುದನ್ನು ಒಂದು ಸುತ್ತಿನಲ್ಲಿ, ಕ್ರಿಂಪ್ ಮಾಡುವುದನ್ನು (ತೋಟೆಯ ಬಾಯನ್ನು ಗುಂಡಿನ ಮೇಲೆ ಬಿಗಿಯುವುದನ್ನು) ಇನ್ನೊಂದು ಸುತ್ತಿನಲ್ಲಿ ಮಾಡಿ. ಎರಡನ್ನೂ ಒಂದೇ ಏಟಿಗೆ ಮಾಡಹೋದರೆ ಹತ್ತರಲ್ಲಿ ಎರಡು ಮೂರು ತೋಟೆ ಕತ್ತಿನ ಕೆಳಗಿನ ಹೆಗಲಲ್ಲಿ ಉಬ್ಬುತ್ತವೆ, ಉಬ್ಬಿದ್ದು ನಳಿಗೆಯ ಹಿಂತುದಿಯ ಚೇಂಬರಿಗೆ ಹೋಗುವುದಿಲ್ಲ. ಕ್ರಿಂಪ್ ಬಿಡುವಂತಿಲ್ಲ. ಟ್ಯೂಬಿನ ಸ್ಪ್ರಿಂಗ್ ಮುಂದಿನಿಂದ ಸದಾ ಒತ್ತುತ್ತಿರುವುದರಿಂದ ಸಡಿಲ ಗುಂಡು ತೋಟೆಯೊಳಗೆ ಸರಿಯುತ್ತದೆ, ಒಳಗಿನ ಒತ್ತಡ ಏರುತ್ತದೆ. ಪೂರ್ತಿ ಉದ್ದ 1.592 ಇಂಚು ಮೀರಬಾರದು.

ಗುಂಡಿನ ಮೂತಿ ಚಪ್ಪಟೆಯಾಗಿರಲೇಬೇಕು. ಟ್ಯೂಬಿನಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರ್‌ಗೆ ಒರಗಿರುತ್ತದೆ, ಚೂಪು ಮೂತಿಯಾದರೆ ಟ್ಯೂಬಿನೊಳಗೇ ಸಿಡಿಯಬಹುದು. ಎರಕದ ಸೀಸದ ಗುಂಡು ಬಳಸುವವರು ನಳಿಗೆ ಅಳೆದು ನೋಡಿ: ಎಣ್ಣೆ ಹಚ್ಚಿದ ಮೆತ್ತನೆ ಸೀಸದ ಉಂಡೆಯೊಂದನ್ನು ನಳಿಗೆಯ ಬಾಯಿಂದ ಸರಳಿನಲ್ಲಿ ತಟ್ಟಿ ಪಾರು ಮಾಡಿ, ಅದರ ಮೇಲೆ ಮೂಡಿದ ಏಣಿನಿಂದ ಎದುರು ಏಣಿಗೆ ಇರುವ ವ್ಯಾಸವನ್ನು ಮೈಕ್ರೋಮೀಟರಲ್ಲಿ ಹಿಡಿಯಿರಿ. ಗುಂಡು ಅದಕ್ಕಿಂತ ಒಂದು ಸಾವಿರಾಂಶ ಇಂಚು ದಪ್ಪವಿರಲಿ. ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸ ನಳಿಗೆಗೆ ಮೆತ್ತುತ್ತದೆ, ಗುರಿ ಚದುರುತ್ತದೆ. ಮದ್ದಿನ ಅಳತೆಗೆ ಅಚ್ಚಾದ ಮ್ಯಾನ್ಯುಯಲ್ ನೋಡಿ. ಯಂತ್ರ ಗಟ್ಟಿಯಿದೆಯಲ್ಲ ಎಂದು ಮದ್ದು ಏರಿಸುವುದು ತಪ್ಪು, ಏಕೆಂದರೆ ಮೊದಲು ಸೋಲುವುದು ತೋಟೆ. ಮತ್ತೊಂದು ಎಚ್ಚರ: .25-20 ಸಿಂಗಲ್ ಶಾಟ್ ಎಂಬ ಹೆಸರಿನದು ಬೇರೆಯೇ ಉದ್ದದ ಬೇರೆ ತೋಟಾ. ಹೆಸರು ನೋಡಿ ಪೆಟ್ಟಿಗೆ ಕೊಂಡರೆ ದುಡ್ಡು ದಂಡ.

ಗುರಿಯ ಮಾತು. ಒಳ್ಳೆಯ ನಳಿಗೆಯಿದ್ದರೆ 50 ಗಜದಲ್ಲಿ ಐದು ಗುಂಡು ಒಂದೂವರೆ ಇಂಚಿನೊಳಗೆ ಬೀಳುತ್ತವೆ. 50ಕ್ಕೆ ಗುರಿ ಕೂಡಿಸಿದರೆ 75ರಲ್ಲಿ ಒಂದೂವರೆ ಇಂಚು, 100ರಲ್ಲಿ ನಾಲ್ಕರಿಂದ ಐದು ಇಂಚು ಕೆಳಗೆ. ಹಿಂದಿನ ಸೈಟಿನಡಿಯ ಮೆಟ್ಟಿಲು ತುಣುಕು ಎಷ್ಟೋ ಕೋವಿಗಳಲ್ಲಿ ಕಳೆದುಹೋಗಿರುತ್ತದೆ, ಕೊಳ್ಳುವಾಗಲೇ ನೋಡಿಕೊಳ್ಳಿ. ವಯಸ್ಸಾದ ಕಣ್ಣಿಗೆ ಟ್ಯಾಂಗಿನ (ಯಂತ್ರದಿಂದ ಹಿಡಿಕೆಯ ಮೇಲೆ ಚಾಚಿದ ಲೋಹದ ಪಟ್ಟಿಯ) ಮೇಲೆ ಕೂರುವ, ಸಣ್ಣ ಕಿಂಡಿಯಿಂದ ನೋಡುವ ಪೀಪ್ ಸೈಟ್ ವರದಾನ. ಅದನ್ನು ಕೂರಿಸುವ ಸ್ಕ್ರೂ ತೂತುಗಳು ಬಹುಪಾಲು ಕೋವಿಗಳಲ್ಲಿ ಕಾರ್ಖಾನೆಯಿಂದಲೇ ಇರುತ್ತವೆ. ಟೆಲಿಸ್ಕೋಪ್ ಬೇಡ: ಖಾಲಿ ತೋಟೆ ನೆತ್ತಿಯಿಂದಲೇ ಹಾರುತ್ತದೆ, ಟೆಲಿಸ್ಕೋಪಿಗೆಂದು ಯಂತ್ರದ ಪೆಟ್ಟಿಗೆಯಾದ ರಿಸೀವರ್‌ಗೆ ಹೊಸ ತೂತು ಕೊರೆದರೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ. ಅರ್ಧಚಂದ್ರದ ಬಟ್‌ಪ್ಲೇಟ್ ಇರುವ ರೈಫಲ್ಲನ್ನು ಹೆಗಲ ಗುಳಿಗೆ ಒತ್ತಬಾರದು. ಅದು ತೋಳಿನ ಮೇಲ್ಭಾಗವನ್ನು ತಬ್ಬುವಂತೆ ಮಾಡಿದ್ದು.

ಜಿಂಕೆಗೇ ಹಳೆಯ ಸಣ್ಣ ಕ್ಯಾಲಿಬರ್ ಬೇಕೆನ್ನುವವರಿಗೆ ದಾರಿ ಇದೆ. 1895ರಲ್ಲಿ ಬಂದ .25-35 ತೋಟಾ, ವಿಂಚೆಸ್ಟರ್ 1894 ಮಾದರಿಯ ರೈಫಲ್ಲಿನಲ್ಲಿ: 117 ಗ್ರೇನ್ ಗುಂಡು 2,230 ಅಡಿ ವೇಗದಲ್ಲಿ, ಒದೆತ .30-30ಕ್ಕಿಂತ ಎಷ್ಟೋ ಕಡಿಮೆ, ತೋಟೆಯನ್ನು .30-30ರಿಂದಲೇ ಮಾಡಿಕೊಳ್ಳಬಹುದು. ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಗೀರುಗಳ ಸುತ್ತು 8 ಇಂಚಿಗೆ ಒಂದರಂತೆ ಬಿಗಿಯಾಗಿರುವುದರಿಂದ ಭಾರದ ಗುಂಡು ನೆಟ್ಟಗೆ ಹೋಗಿ ಆಳಕ್ಕೆ ಇಳಿಯುತ್ತದೆ. ಆದರೂ 100 ಗಜದಲ್ಲಿ ಅದರ ಶಕ್ತಿ 900ರ ಆಸುಪಾಸು, ಕೊಲರಾಡೊದ ಗೆರೆ ಮುಟ್ಟುವುದಿಲ್ಲ. 1912ರ .22 ಸ್ಯಾವೇಜ್ ಹೈ-ಪವರ್ ಕೊಳ್ಳಬೇಡಿ. ಅದರ ಗುಂಡಿನ ವ್ಯಾಸ .228 ಇಂಚು, ಮಾಮೂಲಿ .224 ಗುಂಡು ಅದರಲ್ಲಿ ಹಿಡಿತವಿಲ್ಲದೆ ಹೋಗುತ್ತದೆ, 70 ಗ್ರೇನ್ ತೂಕ ಜಿಂಕೆಯ ಭುಜಕ್ಕೆ ಸಾಲದು.

ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಸ್ಯಾವೇಜ್ 99 ರೈಫಲ್ಲಿನಲ್ಲಿ .250-3000. ಚಾರ್ಲ್ಸ್ ನ್ಯೂಟನ್ ವಿನ್ಯಾಸದ ಈ ತೋಟಾ 1915ರಲ್ಲಿ ಬಂತು. ನ್ಯೂಟನ್‌ಗೆ 100 ಗ್ರೇನ್ ಗುಂಡು ಇಷ್ಟವಿತ್ತು, 3,000 ಅಡಿ ಎಂದು ಜಾಹೀರಾತು ಹಾಕುವ ಆಸೆಗೆ ಕಂಪನಿ 87 ಗ್ರೇನ್‌ಗೆ ಇಳಿಸಿತು. ಬೇಟೆಗೆ ನ್ಯೂಟನ್ ಹೇಳಿದ್ದೇ ಸರಿ: 100 ಗ್ರೇನ್ ಗುಂಡು 100 ಗಜದಲ್ಲೂ 1,300 ಫುಟ್-ಪೌಂಡ್ ಮೀರಿ ಉಳಿಸಿಕೊಳ್ಳುತ್ತದೆ. ತೋಟಾ ಕೂರುವುದು ಟ್ಯೂಬಿನಲ್ಲಲ್ಲ, ತಿರುಗುವ ಮ್ಯಾಗಜೀನಿನಲ್ಲಿ, ಹಾಗಾಗಿ ಚೂಪು ಮೂತಿಗೂ ಭಯವಿಲ್ಲ. ಆದರೆ ಹಳೆಯ ನಳಿಗೆಯ ಸುತ್ತು 14 ಇಂಚಿಗೆ ಒಂದು. ಉದ್ದನೆಯ ಚೂಪು 100 ಗ್ರೇನ್ ಗುಂಡು ಕೆಲವು ನಳಿಗೆಗಳಲ್ಲಿ ಹೊರಳಿ ಕಾಗದಕ್ಕೆ ಅಡ್ಡಡ್ಡ ತೂತು ಮಾಡುತ್ತದೆ. ಅಂಥ ತೂತು ಕಂಡರೆ ದುಂಡುಮೂತಿಯ ಗಿಡ್ಡ 100 ಗ್ರೇನ್‌ಗೆ ಬದಲಿಸಿ ನೋಡಿ.

ಮರದ ಬಗ್ಗೆ ಕೊನೆಯದಾಗಿ. 92ರ ಹಿಡಿಕೆಯ ಮರ ಟ್ಯಾಂಗಿನ ಹಿಂದೆ ಕೂದಲೆಳೆಯಂತೆ ಬಿರಿಯುತ್ತದೆ. ಎಣ್ಣೆ ಹಾಕಿ ಬಾಯಿ ಮೇಲೆ ಮಾಡಿ ನಿಲ್ಲಿಸಿದ ಕೋವಿಗಳಲ್ಲಿ ಎಣ್ಣೆ ಯಂತ್ರದಿಂದ ಸೋರಿ ಮರಕ್ಕಿಳಿದು, ಅದನ್ನು ಕಪ್ಪಾಗಿ ಮೆತ್ತಗೆ ಮಾಡಿರುತ್ತದೆ. ಬಿರುಕು ಬಿಡುವುದು ಆ ಮೆತ್ತಗಾದ ಜಾಗದಲ್ಲೇ. ಎಣ್ಣೆ ಹಾಕಿದ ರಾತ್ರಿ ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿ, ಬೆಳಗ್ಗೆ ಹೆಚ್ಚಿನದನ್ನು ಒರೆಸಿ ಒಳಗಿಡಿ.